ಇನ್ನೆರಡು ವಾರದ ಕಾರು

ಬರ್ಟಿ ಕೋವಾಲ್ಸ್ಕಿಯ ನೀಲಿ ಕಾರು ರಸ್ತೆಯ ಮುಖ ನೋಡಿ ಮೂರು ವರ್ಷವಾಗಿತ್ತು.

ಅದು ಅವಳದೇ ಕಾರು. ಔಷಧದಂಗಡಿಯ ಕೌಂಟರಿನ ಹಿಂದೆ ನಿಂತು ದುಡಿದ ಸಂಬಳದಲ್ಲಿ ಕೊಂಡದ್ದು. ಎರಡೇ ಬಾಗಿಲಿನ, ಹಿಂಬದಿಯನ್ನು ಮೇಲಕ್ಕೆತ್ತಿ ತೆರೆಯುವ ಪುಟ್ಟ ಹಳೇ ಕಾರು. ಗಂಡ ರಸ್ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ತಿಂಗಳಲ್ಲೇ ಅವನು ಅದನ್ನು ಗ್ಯಾರೇಜಿನೊಳಕ್ಕೆ ತಳ್ಳಿ, ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿದ್ದ. ಮುಂದಿನ ಚಕ್ರಗಳಿಗೆ ಇದ್ದ ಪೆಟ್ರೋಲ್ ಎಂಜಿನ್ ಹಾಗೇ ಇರಬೇಕು, ಹಿಂದಿನ ಚಕ್ರಗಳಿಗೆ ಗುಜರಿಯಿಂದ ತಂದ, ಸರಕು ಎತ್ತುವ ಫೋರ್ಕ್‌ಲಿಫ್ಟಿನ ಮೋಟಾರು ಕೂಡಿಸಬೇಕು, ಹಿಂದಿನ ಸೀಟು ಕಿತ್ತು ಅಲ್ಲಿ ಆರು ಬ್ಯಾಟರಿ ಇಡಬೇಕು. ಊರೊಳಗೆ ಕರೆಂಟು, ಊರಾಚೆ ಪೆಟ್ರೋಲು. ಇಷ್ಟೇ ಅವನ ಲೆಕ್ಕ.

"ಇನ್ನೆರಡು ವಾರ ಕಣೆ," ಎಂದಿದ್ದ ಆಗ. "ಆಮೇಲೆ ನೀನು ಬಂಕಿನ ಕಡೆ ತಿರುಗಿ ಕೂಡ ನೋಡಲ್ಲ."

ಅದು 2005ರ ಮಾತು. ಈಗ 2008ರ ಜೂನ್. ಬಂಕಿನ ಬೋರ್ಡಿನಲ್ಲಿ ಪೆಟ್ರೋಲು ಗ್ಯಾಲನ್ನಿಗೆ ನಾಲ್ಕು ಡಾಲರು ದಾಟಿದ್ದನ್ನು ರಸ್ ತಾನೇ ಗೆದ್ದವನ ಹಾಗೆ ದಿನವೂ ಓದಿ ಹೇಳುತ್ತಿದ್ದ. ಎರಡು ವಾರ ಮಾತ್ರ ಮುಗಿದಿರಲಿಲ್ಲ.

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿದ್ದ ಅವರ ಊರು ಹೆಸ್ಪೀರಿಯಾದಲ್ಲಿ ಕಾರಿಲ್ಲದವರು ಕಾಲಿಲ್ಲದವರ ಹಾಗೆ. ಅವರ ಮನೆಯಿಂದ ಹತ್ತಿರದ ದಿನಸಿ ಅಂಗಡಿಗೆ ನಾಲ್ಕು ಮೈಲಿ, ಅದೂ ಮರಳು, ಬಿಸಿಲು, ನಡುವೆ ಒಂದೊಂದು ಜೋಶುವಾ ಮರ. ರಸ್‌ನ ಪಿಕಪ್ ಟ್ರಕ್ ಇತ್ತು, ಆದರೆ ಅದು ಬೆಳಿಗ್ಗೆ ಎದ್ದರೆ ಗುಜರಿ ಅಂಗಡಿಗೆ, ಮಧ್ಯಾಹ್ನ ವೆಲ್ಡಿಂಗ್ ಸಾಮಾನಿಗೆ ಎಂದು ಹೊರಟುಬಿಡುತ್ತಿತ್ತು. ಬರ್ಟಿ ಕೆಲಸಕ್ಕೆ ಹೋಗುತ್ತಿದ್ದುದು ಜೊತೆಯವಳೊಬ್ಬಳ ಕಾರಿನಲ್ಲಿ. ಅವಳು ಹಾರ್ನ್ ಹೊಡೆದಾಗ ಓಡಬೇಕು, ಅವಳು ಹೊರಟಾಗ ಹೊರಡಬೇಕು. ದಾರಿಯಲ್ಲಿ ಒಂದು ಅಂಗಡಿಗೆ ಇಳಿಯಬೇಕೆಂದರೂ ಕೇಳಲು ನಾಲಿಗೆ ಏಳುತ್ತಿರಲಿಲ್ಲ.

ರಜೆಯ ದಿನಗಳು ಇನ್ನೂ ಕಷ್ಟ. ರಸ್‌ಗೆ ಎರಡು ಕೈ ಸಾಲುತ್ತಿರಲಿಲ್ಲ. "ಬರ್ಟಿ, ಲೈಟ್ ಹಿಡಿ." "ಬರ್ಟಿ, ಪೆಡಲ್ ಒತ್ತು. ಬಿಡು. ಒತ್ತು." ಅವನು ಕಾರಿನಡಿ ಮಲಗಿರುತ್ತಿದ್ದ, ಅವಳು ಕಾರಿನೊಳಗೆ ಕೂತಿರುತ್ತಿದ್ದಳು. ಎಡಬದಿಯ ಡ್ರೈವರ್ ಸೀಟಿನಲ್ಲಿ ಕೂತರೆ ಪರವಾಗಿಲ್ಲ. ಪಕ್ಕದ ಸೀಟಿನಲ್ಲಿ ಕೂತರೆ ಮಾತ್ರ ಅವಳಿಗೆ ಎದೆ ಬಿಗಿಯುತ್ತಿತ್ತು. ಆ ಬದಿಯ ಬಾಗಿಲೊಳಗೆ ಅವನು ದಪ್ಪ ಕೇಬಲ್ಲುಗಳನ್ನು ಎಳೆದಿದ್ದ. ಅದಕ್ಕಾಗಿ ಒಳಗಿನ ಹಿಡಿಕೆಯನ್ನೂ ಗಾಜು ಇಳಿಸುವ ಸಲಕರಣೆಯನ್ನೂ ಕಿತ್ತುಹಾಕಿದ್ದ. ಆ ಬಾಗಿಲನ್ನು ಹೊರಗಿನಿಂದ ಮಾತ್ರ ತೆಗೆಯಬಹುದಿತ್ತು.

"ಒಳಗಿಂದ ತೆಗೆಯೋ ಹಾಗೆ ಯಾವಾಗ ಮಾಡ್ತೀಯಾ?" ಎಂದು ಅವಳು ಕೇಳಿದರೆ, "ನಾನೇ ಬಂದು ತೆಗೀತೀನಲ್ಲ, ರಾಣಿಗೆ ತೆಗೆದ ಹಾಗೆ," ಎನ್ನುತ್ತಿದ್ದ. ನಗುತ್ತಲೇ ಹೇಳುತ್ತಿದ್ದ. ರಸ್ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಹಾಗಾಗಿಯೇ ಅವಳಿಗೆ ಯಾರ ಹತ್ತಿರ ಏನೆಂದು ಹೇಳಿಕೊಳ್ಳುವುದು ಎಂಬುದೇ ತಿಳಿಯುತ್ತಿರಲಿಲ್ಲ.

ಅಂಥ ಒಂದು ಗುರುವಾರ ಮ್ಯಾನಿ ಒಲಿವಾರೆಸ್ ಫೋನ್ ಮಾಡಿದ.

"ಬದುಕಿದ್ದೀಯೇನೆ? ಇಲ್ಲಾ ನಿನ್ ಗಂಡ ನಿನ್ನನ್ನೂ ಬಿಚ್ಚಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದಾನಾ?"

ಬರ್ಟಿಗೆ ನಗು ಬಂತು. ಮ್ಯಾನಿ ಇಪ್ಪತ್ತೆರಡು ವರ್ಷದ ಹಿಂದಿನಿಂದಲೂ ಗೆಳೆಯ. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ರೇಡಿಯೋ ಬಗ್ಗಿಗಳ, ಅಂದರೆ ದೂರದಿಂದಲೇ ಓಡಿಸುವ ಆಟದ ಕಾರುಗಳ ಹುಚ್ಚು ಎಲ್ಲೆಲ್ಲೂ ಹಬ್ಬಿತ್ತು. ಮೊಳದುದ್ದದ ಮರಳುಗಾಡಿನ ಬಂಡಿ, ಮುಳ್ಳುಮುಳ್ಳಿನ ಟೈರು, ಕೈಯಲ್ಲೊಂದು ಉದ್ದ ಏರಿಯಲ್‌ನ ಪೆಟ್ಟಿಗೆ. ಹಲಗೆಯ ಅಟ್ಟದ ಮೇಲೆ ಹತ್ತು ಜನ ಸಾಲಾಗಿ ನಿಂತು, ಕೆಳಗಿನ ಮಣ್ಣಿನ ಟ್ರ್ಯಾಕಿನಲ್ಲಿ ತಮ್ಮ ತಮ್ಮ ಬಗ್ಗಿ ಓಡಿಸುವುದು. ಆ ಅಟ್ಟದ ಮೇಲೆ ಹತ್ತುತ್ತಿದ್ದ ಒಬ್ಬಳೇ ಹುಡುಗಿ ಬರ್ಟಿ. ಎರಡು ವರ್ಷ ಸಾಲಾಗಿ ಗೆದ್ದವಳು. ರಸ್ ಅವಳಿಗೆ ಸಿಕ್ಕಿದ್ದೂ ಅಲ್ಲೇ. ಅವಳ ಬ್ಯಾಟರಿಯ ತಂತಿ ಬಿಟ್ಟುಹೋದಾಗ, ಗಾಳಿಗೆ ಬೆನ್ನು ಕೊಟ್ಟು ಮಂಡಿಯೂರಿ ಬೆಸುಗೆ ಹಾಕಿಕೊಟ್ಟಿದ್ದ. ಅಷ್ಟು ನಿಶ್ಚಲವಾದ ಕೈಗಳನ್ನು ಅವಳು ಅದುವರೆಗೆ ನೋಡಿರಲಿಲ್ಲ.

"ಭಾನುವಾರ ಲೂಸರ್ನ್ ಕಣಿವೇಲಿ ಹಳೇ ಬಗ್ಗಿಗಳ ರೇಸ್ ಇಟ್ಟಿದ್ದೀನಿ," ಎಂದ ಮ್ಯಾನಿ. "ಎಂಬತ್ತೆಂಟನೇ ಇಸವಿಗಿಂತ ಮುಂಚಿನವು ಮಾತ್ರ. ಹೊಸ ಮೋಟಾರು, ಹೊಸ ಬ್ಯಾಟರಿ ಒಂದೂ ಇಲ್ಲ. ನಿನ್ನದು ಇನ್ನೂ ಇದೆ ತಾನೆ?"

"ಇದೆ. ಮಂಚದ ಕೆಳಗೆ."

"ನಿನ್ನ ಹೆಸರು ಬರ್ಕೊಂಡಾಯ್ತು. ಹನ್ನೊಂದಕ್ಕೆ ನಿನ್ನ ಮೊದಲ ಸುತ್ತು. ನನ್ನ ಹೆಂಡ್ತಿ ತಮಾಲೆ ಕಡುಬು ಮಾಡ್ತಾಳೆ. ಬರದೇ ಇದ್ರೆ ಎರಡನೇ ಸ್ಥಾನ ಯಾರಿಗೆ ಕೊಡಲಿ ನಾನು?"

"ಮೊದಲನೇದು ಯಾರಿಗೆ?"

"ಅದು ನಂಗೆ ಬಿಡು."

ಆ ಸಂಜೆ ಅವಳು ಮಂಚದ ಕೆಳಗಿನ ಪೆಟ್ಟಿಗೆ ತೆಗೆದು ಬಗ್ಗಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಆ ಕಾಲದ ಬಗ್ಗಿಯಲ್ಲಿ ವೇಗ ಹೆಚ್ಚಿಸುವುದು ಕಡಿಮೆ ಮಾಡುವುದು ಎಲ್ಲ ಒಂದು ಸಣ್ಣ ತಾಮ್ರದ ನಾಲಿಗೆಯ ಕೆಲಸ. ಅದು ಹಿತ್ತಾಳೆಯ ಬಿಲ್ಲೆಗಳ ಮೇಲೆ ಅತ್ತಿತ್ತ ಜಾರುತ್ತದೆ. ಕಾವು ಜಾಸ್ತಿಯಾದರೆ ಕೆಲವೊಮ್ಮೆ ನಾಲಿಗೆ ಬಿಲ್ಲೆಗೆ ಬೆಸೆದುಕೊಂಡುಬಿಡುತ್ತದೆ. ಆಗ ಕೈಯಲ್ಲಿರುವ ಪೆಟ್ಟಿಗೆಯನ್ನು ಏನು ತಿರುಗಿಸಿದರೂ ಬಗ್ಗಿ ಕೇಳುವುದಿಲ್ಲ. ಪೂರ್ತಿ ವೇಗದಲ್ಲಿ ಬೇಲಿಗೋ ಜನರ ಕಾಲಿಗೋ ನುಗ್ಗುತ್ತದೆ. ಅವಳ ಬಗ್ಗಿ ಎರಡು ಸಲ ಹಾಗೆ ಓಡಿಹೋಗಿತ್ತು. ಅಟ್ಟದಿಂದ ಜಿಗಿದು, ಅಟ್ಟಿಸಿಕೊಂಡು ಹೋಗಿ, ಹಿಡಿದು ಮಗುಚಿ, ಬ್ಯಾಟರಿಯ ಪ್ಲಗ್ಗು ಕೀಳುವುದೊಂದೇ ದಾರಿ. ಅವಳು ಬಿಲ್ಲೆಗಳನ್ನು ಒಂದೊಂದಾಗಿ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹೊಳೆಯಿಸಿದಳು.

ರಸ್ ಒಳಗೆ ಬಂದವನು ಮೇಜು ನೋಡಿದ. "ಭಾನುವಾರನಾ? ಬರ್ಟಿ, ಭಾನುವಾರ ನಮ್ಮ ಕಾರನ್ನ ರಸ್ತೆಗೆ ಇಳಿಸ್ತಿದ್ದೀನಿ."

"ಇಳಿಸು. ನಂಗೆ ಪಿಕಪ್ ಕೊಡು, ನಾನು ಹೋಗಿಬರ್ತೀನಿ."

"ಮೀಟರ್ ನೋಡೋರು ಯಾರು? ನಾನು ಸ್ಟೇರಿಂಗ್ ಹಿಡೀಲಾ, ಆಂಪ್ಸ್ ಓದ್ಲಾ?" ಸ್ವಲ್ಪ ಯೋಚಿಸಿದ. ಮುಖ ಅರಳಿತು. "ತಡಿ. ಇದರಲ್ಲೇ ಹೋಗೋಣ. ನಿನ್ನ ರೇಸೂ ಆಯ್ತು, ನನ್ನ ಟೆಸ್ಟೂ ಆಯ್ತು. ಮ್ಯಾನಿ ಬಾಯಿ ಮುಚ್ಚಿಸಿದ ಹಾಗೂ ಆಯ್ತು."

ಅವಳಿಗಾಗಿ ಒಂದೇ ಒಂದು ದಿನ ಇತ್ತು. ಅದೂ ಅವನ ಕಾರಿನೊಳಕ್ಕೆ ಹೋಯಿತು. ಬೇಡ ಎನ್ನಬೇಕೆಂದು ಬಾಯಿ ತೆರೆದಳು. ಮೂರು ವರ್ಷದಿಂದ ಅವನ ಮುಖದಲ್ಲಿ ಅಂಥ ಬೆಳಕು ಬಂದಿರಲಿಲ್ಲ. "ಸರಿ," ಎಂದಳು.

ಭಾನುವಾರ ಒಂಬತ್ತೂವರೆಗೆ ಹೊರಟರು. ರಸ್ ಅವಳ ಬದಿಯ ಬಾಗಿಲು ತೆಗೆದು, ಅವಳನ್ನು ಕೂರಿಸಿ, ಹೊರಗಿನಿಂದ ಹಾಕಿದ. ಬಗ್ಗಿಯ ಪೆಟ್ಟಿಗೆ ತೊಡೆಯ ಮೇಲೆ. ಕಾಲ ಬುಡದಲ್ಲಿ ಅವನ ದೊಡ್ಡ ಸ್ಪ್ಯಾನರು ಉರುಳಾಡುತ್ತಿತ್ತು. ಬೆನ್ನ ಹಿಂದೆ ಆರು ಬ್ಯಾಟರಿ, ಅವುಗಳ ನಡುವೆ ಇಟ್ಟಿಗೆಯಷ್ಟು ದಪ್ಪದ ಬೂದು ಬಣ್ಣದ ಪ್ಲಗ್ಗು.

ಊರು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಚೆನ್ನಾಗಿತ್ತು ಎಂದರೆ ನಿಜಕ್ಕೂ ಚೆನ್ನಾಗಿತ್ತು. ಸಿಗ್ನಲ್ಲಿನಿಂದ ಕಾರು ಸದ್ದೇ ಇಲ್ಲದೆ ಮುಂದೆ ಜಾರಿದಾಗ ಬರ್ಟಿಗೂ ಒಂದು ಕ್ಷಣ ಮೈ ಜುಮ್ಮೆಂದಿತು. "ನೂರ ಹತ್ತು. ತೊಂಬತ್ತು," ಎಂದು ಕರೆಂಟಿನ ಮೀಟರು ಓದುತ್ತ ಹೋದಳು. ಏರು ಬಂದಾಗ ರಸ್ ಎಂಜಿನ್ನನ್ನೂ ಶುರು ಮಾಡಿದ. ಎರಡೂ ಸೇರಿ ಕಾರನ್ನು ಗುಡ್ಡದ ನೆತ್ತಿಗೆ ಎಳೆದವು. ಅಲ್ಲಿಂದ ಆಚೆ ಉದ್ದದ ಇಳಿಜಾರು, ಕೆಳಗೆ ಬಿಳಿಚಿಕೊಂಡ ಒಣ ಕೆರೆ.

"ಇನ್ನೂರು," ಎಂದಳು ಬರ್ಟಿ. "ರಸ್, ಪೆಡಲ್ ಬಿಟ್ಟಿದ್ದೀಯಾ?"

"ಬಿಟ್ಟಿದ್ದೀನಿ."

"ಇನ್ನೂರ ನಲವತ್ತು."

ರಸ್ ಬ್ರೇಕ್ ಒತ್ತಿದ. ಕಾರಿನ ವೇಗ ಕುಗ್ಗಿತು, ಆದರೆ ಹಿಂದಿನಿಂದ ಯಾರೋ ತಳ್ಳುತ್ತಿರುವ ಹಾಗೆ ಮತ್ತೆ ಮುಂದೆ ನುಗ್ಗಿತು. ಐವತ್ತು ಮೈಲಿ. ಐವತ್ತೈದು. ಅವನು ಕೀಲಿ ತಿರುಗಿಸಿದ. ಎಂಜಿನ್ ಸತ್ತಿತು, ಬ್ರೇಕು ಕಲ್ಲಿನಷ್ಟು ಗಟ್ಟಿಯಾಯಿತು. ಹಿಂದಿನ ಮೋಟಾರು ಮಾತ್ರ ಕೂಗುತ್ತಲೇ ಇತ್ತು.

"ಹಿಂದಿನ ಬ್ರೇಕ್ ಹಿಡೀತಿಲ್ವಾ?"

"ಹಿಂದಿಂದು ಸದ್ಯಕ್ಕೆ ತೆಗೆದಿದ್ದೆ," ಎಂದ ರಸ್. "ಮೋಟಾರಿನ ಚೈನ್‌ಗೆ ಜಾಗ ಬೇಕಿತ್ತು."

ಅವಳು ಅವನ ಮುಖ ನೋಡಿದಳು. ಅವನು ಎರಡು ಕಾಲನ್ನೂ ಪೆಡಲ್ ಮೇಲೆ ಊರಿ, ಸ್ಟೇರಿಂಗ್ ಹಿಡಿದು, "ಸರಿಹೋಗತ್ತೆ, ತಾನೇ ಬಿಡತ್ತೆ," ಎಂದು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ಎದುರಿಗೆ ದೂರದಲ್ಲಿ ಒಂದು ಲಾರಿ ಏರು ಹತ್ತುತ್ತಿತ್ತು.

"ಕರೆಂಟ್ ತಪ್ಪಿಸೋ ಸ್ವಿಚ್ ಎಲ್ಲಿ?"

"ಅದು ಮುಂದಿನ ವಾರ ಹಾಕೋದಿತ್ತು."

ಬರ್ಟಿಗೆ ಆಗ ಹೆದರಿಕೆಯಾಗಲಿಲ್ಲ. ಹೆದರಿಕೆಗೆ ಬೇಕಾದ ಪುರುಸೊತ್ತೇ ಇರಲಿಲ್ಲ. ಮೋಟಾರಿನ ಸ್ವಿಚ್ಚಿನೊಳಗೆ ತಾಮ್ರಕ್ಕೆ ತಾಮ್ರ ಬೆಸೆದುಕೊಂಡಿದೆ, ಇದು ಓಡಿಹೋದ ಬಗ್ಗಿ. ಅಷ್ಟು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಾಯಿತು. ತೊಡೆಯ ಮೇಲಿನ ಪೆಟ್ಟಿಗೆಯನ್ನು ನೆಲಕ್ಕೆ ತಳ್ಳಿ, ಬೆಲ್ಟು ಬಿಚ್ಚಿ, ಎರಡು ಸೀಟುಗಳ ನಡುವಿನ ಸಂದಿಯಲ್ಲಿ ಹಿಂದಕ್ಕೆ ತೂರಿಕೊಂಡಳು. ಹೊಟ್ಟೆ ಬ್ಯಾಟರಿಗಳ ಮೇಲೆ, ಕಾಲು ಇನ್ನೂ ಮುಂದೆ. ಬೂದು ಪ್ಲಗ್ಗು ಕೈಗೆ ಸಿಕ್ಕಿತು. ಕಾದು ಮೆತ್ತಗಾಗಿತ್ತು.

"ಬರ್ಟಿ, ಅದನ್ನ ಮುಟ್ಟಬೇಡ, ಕರೆಂಟು ಹರೀತಿದೆ—"

ಅವಳು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಬರಲಿಲ್ಲ. ಮೊಣಕೈಯನ್ನು ಬ್ಯಾಟರಿಗೆ ಆನಿಸಿ ಮತ್ತೆ ಎಳೆದಳು. ನೀಲಿ ಬೆಳಕೊಂದು ಫಟ್ಟೆಂದು ಸಿಡಿದು ಬಲಗೈಯನ್ನು ಸುಟ್ಟಿತು. ಮೋಟಾರಿನ ಕೂಗು ಅಲ್ಲಿಗೇ ನಿಂತಿತು.

ಲಾರಿ ಹಾರ್ನ್ ಹೊಡೆಯುತ್ತ ಪಕ್ಕದಲ್ಲಿ ಹಾದುಹೋಯಿತು. ರಸ್ ಕಾರನ್ನು ಹೇಗೋ ರಸ್ತೆಯಂಚಿಗೆ ತಂದ. ಅದು ಅಂಚನ್ನೂ ದಾಟಿ, ಮರಳಿನಲ್ಲಿ ಜಾರಿ, ಒಣಗಿದ ಹಳ್ಳವೊಂದಕ್ಕೆ ಇಳಿದು, ಎಡಕ್ಕೆ ವಾಲಿ ನಿಂತಿತು.

ಬರ್ಟಿ ತೆವಳಿಕೊಂಡು ತನ್ನ ಸೀಟಿಗೆ ಮರಳಿದಳು. ಅಂಗೈ ಕೆಂಪಾಗಿ ಬೊಬ್ಬೆ ಏಳುತ್ತಿತ್ತು.

ರಸ್‌ನ ಬಾಗಿಲು ಹಳ್ಳದ ದಿಣ್ಣೆಗೆ ಒತ್ತಿಕೊಂಡಿತ್ತು. ತಳ್ಳಿದರೆ ಎರಡು ಬೆರಳಿನಷ್ಟು ಸರಿಯಿತು. ಅವನ ಕಿಟಕಿಯಾಚೆ ಬರೀ ಮಣ್ಣು. ಹಿಂಬದಿಯ ಬಾಗಿಲಿಗೆ ಒಳಗೆ ಹಿಡಿಕೆಯೇ ಇಲ್ಲ. ಬರ್ಟಿಯ ಬದಿಯ ಕತೆ ಗೊತ್ತೇ ಇತ್ತು. ಫೋನಿನಲ್ಲಿ ಸಿಗ್ನಲ್ ಇಲ್ಲ. ಮೇಲಿನ ರಸ್ತೆಯಲ್ಲಿ ಯಾವುದೋ ಗಾಡಿ ಹೋದ ಸದ್ದು ಕೇಳಿಸಿತು. ಹಳ್ಳದೊಳಗಿನ ಕಾರು ಅದಕ್ಕೆ ಕಾಣುವಂತಿರಲಿಲ್ಲ.

ಹತ್ತೂಕಾಲು ಗಂಟೆಯ ಬಿಸಿಲು. ಕಾರಿನೊಳಗೆ ಬ್ಯಾಟರಿಯ ಆಮ್ಲದ ವಾಸನೆ ಮೂಗಿಗೆ ಹತ್ತತೊಡಗಿತು.

"ಗಾಜು ಒಡೀತೀನಿ," ಎಂದು ಬರ್ಟಿ ಸ್ಪ್ಯಾನರಿಗೆ ಬಗ್ಗಿದಳು.

"ತಡಿ, ತಡಿ. ಈ ಮಾಡೆಲ್ಲಿನ ಗಾಜು ಈಗ ಎಲ್ಲೂ ಸಿಗಲ್ಲ. ನಾನೊಂದು ದಾರಿ ಮಾಡ್ತೀನಿ."

ಅವಳು ಸ್ಪ್ಯಾನರನ್ನು ಬಿಟ್ಟಳು. ಯಾಕೆ ಬಿಟ್ಟೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ರಸ್ ತಡಿ ಎಂದಾಗ ತಡೆಯುವುದು ಕೈಗೇ ರೂಢಿಯಾಗಿತ್ತು.

ರಸ್ ಜೇಬಿನ ಚಾಕುವಿನಿಂದ ಅವಳ ಬಾಗಿಲಿನ ಒಳಗೆ ಕೇಬಲ್ಲುಗಳ ನಡುವೆ ಕೊಕ್ಕೆ ಹುಡುಕತೊಡಗಿದ. ಅವಳ ಮೈಮೇಲೆ ಅಡ್ಡಲಾಗಿ ಬಗ್ಗಿದ್ದ. ಅವನ ಬೆವರು ಅವಳ ತೋಳಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅರ್ಧ ಗಂಟೆ ಹೋಯಿತು. ಬಾಟಲಿಯಲ್ಲಿದ್ದ ಐಸ್ ಟೀ ಮುಗಿಯಿತು. ಹನ್ನೊಂದಾಯಿತು. ಅವಳ ಸುತ್ತು ಶುರುವಾಗಿರುತ್ತದೆ.

"ಗೊತ್ತಾಯ್ತು ನಂಗೆ," ಎಂದ ರಸ್ ಇದ್ದಕ್ಕಿದ್ದಂತೆ. ಅವಳು ಬಾಗಿಲಿನ ವಿಷಯವೆಂದುಕೊಂಡಳು. "ಮೋಟಾರಿಗೆ ಕರೆಂಟು ಕೊಡೋ ಸ್ವಿಚ್ ಚಿಕ್ಕದಾಯ್ತು. ಇದರ ಎರಡರಷ್ಟು ದೊಡ್ಡದು ಹಾಕಿದ್ರೆ ಬೆಸೆದುಕೊಳ್ಳೋದೇ ಇಲ್ಲ. ಇನ್ನೆರಡು ವಾರ, ಬರ್ಟಿ."

ಅವಳು ಅಂಗೈಯನ್ನು ಊದಿಕೊಂಡಳು. ಕೈ ಉರಿಯುತ್ತಿತ್ತು. ಅದರ ಬಗ್ಗೆ ಅವನು ಇನ್ನೂ ಕೇಳಿರಲಿಲ್ಲ.

"ಏನಾದ್ರೂ ಹೇಳು," ಎಂದ.

"ನಾವು ಸಾಯ್ತಿದ್ವಿ ರಸ್."

"ಸಾಯ್ಲಿಲ್ಲವಲ್ಲ."

"ನಂಗೆ ಉಸಿರು ಕಟ್ತಿದೆ. ಈಗಲ್ಲ. ಮೂರು ವರ್ಷದಿಂದ."

ರಸ್ ಚಾಕುವನ್ನು ಮಡಚಿದ. ಹಿಂದಕ್ಕೆ ಒರಗಿ, ವಾಲಿದ ಕಾರಿನಲ್ಲಿ ಮಣ್ಣು ಒತ್ತಿದ ಕಿಟಕಿಗೆ ತಲೆಯಾನಿಸಿ ಕೂತ. "ಇದೊಂದು ಮುಗೀದೇ ಹೋದ್ರೆ ನಾನ್ಯಾರು ಹೇಳು. ಐವತ್ತನಾಲ್ಕು ನಂಗೆ. ಅರ್ಜಿ ಹಾಕಿದ ಕಡೆಯೆಲ್ಲ ಹುಡುಗರು ನನ್ನನ್ನ ಸರ್ ಅಂತ ಕರೆದು ಮನೆಗೆ ಕಳಿಸ್ತಾರೆ. ಬೆಳಿಗ್ಗೆ ಏಳೋಕೆ ಇದೊಂದೇ ಇರೋದು."

ಅವಳಿಗೆ ಅದು ಗೊತ್ತಿತ್ತು. ಮೂರು ವರ್ಷದಿಂದಲೂ ಗೊತ್ತಿತ್ತು. ಅವಳನ್ನು ಗ್ಯಾರೇಜಿನಲ್ಲಿ ಕಟ್ಟಿಹಾಕಿದ್ದದ್ದು ಅದೇ. ಅವನು ಬೈದಿದ್ದರೆ ಎಂದೋ ಎದ್ದು ಹೋಗಿರುತ್ತಿದ್ದಳು. ಅವನ ಬಲಗೈ ಗೇರಿನ ಮೇಲಿತ್ತು. ಬೆಸುಗೆ ಹಾಕುವಾಗ ಅಲುಗದಿದ್ದ ಆ ಕೈ ಈಗ ಗೇರನ್ನು ಸುಮ್ಮನೆ ಅತ್ತಿತ್ತ ತಳ್ಳುತ್ತಿತ್ತು. ಅವಳಿಗೆ ಆ ಕೈಯನ್ನು ಹಿಡಿದುಕೊಳ್ಳಬೇಕೆನಿಸಿತು. ಹಿಡಿದರೆ ಮತ್ತೆ ಮೂರು ವರ್ಷ ಎಂಬುದೂ ಅದೇ ಕ್ಷಣ ತಿಳಿಯಿತು.

ಅವಳು ಎಡಗೈಯಲ್ಲಿ ಸ್ಪ್ಯಾನರು ಎತ್ತಿಕೊಂಡಳು.

"ಬರ್ಟಿ, ಆ ಗಾಜು—"

"ಮುಖ ಆ ಕಡೆ ತಿರುಗಿಸ್ಕೋ."

ಮೊದಲ ಏಟಿಗೆ ಸ್ಪ್ಯಾನರು ಪುಟಿದು ಬಂತು. ಎರಡನೆಯದಕ್ಕೂ. ಮೂಲೆಗೆ ಗುರಿಯಿಟ್ಟು ಹೊಡೆದ ನಾಲ್ಕನೆಯ ಏಟಿಗೆ ಇಡೀ ಗಾಜು ಸಕ್ಕರೆ ಹರಳಿನ ಹಾಗೆ ಪುಡಿಪುಡಿಯಾಗಿ ಉದುರಿತು. ಬಿಸಿಗಾಳಿ ಒಳಗೆ ನುಗ್ಗಿತು. ಅವಳು ಕೈ ಹೊರಗೆ ಚಾಚಿ ಹಿಡಿಕೆ ಎತ್ತಿದಳು. ಬಾಗಿಲು ತೆರೆದುಕೊಂಡಿತು.

ರಸ್ ಅವಳ ಹಿಂದೆಯೇ ಹತ್ತಿ ಹೊರಗೆ ಬಂದ. ಬಂದವನು ನೇರವಾಗಿ ಕಾರಿನ ಹಿಂದೆ ಹೋಗಿ, ಮಂಡಿಯೂರಿ, ಚೈನನ್ನು ಬಗ್ಗಿ ನೋಡಿದ. ಬರ್ಟಿ ಒಳಕ್ಕೆ ಬಾಗಿ ಬಗ್ಗಿಯ ಪೆಟ್ಟಿಗೆ ಎಳೆದುಕೊಂಡು, ದಿಣ್ಣೆ ಹತ್ತಿ, ರಸ್ತೆಗೆ ಬಂದಳು.

ಹತ್ತು ನಿಮಿಷ ನಡೆದಿರಬಹುದು. ಎದುರಿನಿಂದ ಮ್ಯಾನಿಯ ಬಿಳಿ ಟ್ರಕ್ ಬಂದು ನಿಂತಿತು. ಅವಳು ತನ್ನ ಸುತ್ತಿನ ಹೊತ್ತಿಗೂ ಬಾರದ್ದು ನೋಡಿ ಹುಡುಕಿಕೊಂಡು ಹೊರಟಿದ್ದ. ಅವಳ ಕೂದಲಲ್ಲಿದ್ದ ಗಾಜಿನ ಹರಳು, ಊದಿದ ಅಂಗೈ ಎಲ್ಲ ನೋಡಿದ. ತಮಾಷೆ ಮಾಡಲಿಲ್ಲ. ಐಸ್ ಪೆಟ್ಟಿಗೆಯ ತಣ್ಣೀರು ಸುರಿದು, ಶುಭ್ರವಾದ ಟವೆಲ್ ಸುತ್ತಿದ.

"ರಸ್?"

"ಚೆನ್ನಾಗಿದ್ದಾನೆ. ಅಲ್ಲಿ ಹಳ್ಳದಲ್ಲಿದ್ದಾನೆ."

ಟ್ರಕ್ಕು ಹಳ್ಳದ ಬಳಿ ನಿಂತಾಗ ರಸ್ ಮೇಲೆ ಬಂದ. ಮ್ಯಾನಿ ಅವನಿಗೆ ನೀರಿನ ಕ್ಯಾನು ಕೊಟ್ಟು, ಸಿಗ್ನಲ್ ಸಿಕ್ಕಿದ ಕೂಡಲೇ ಎಳೆಯುವ ಗಾಡಿಗೆ ಫೋನ್ ಮಾಡುವುದಾಗಿ ಹೇಳಿ, ಬಾ ಅಂದ. ಕಾರನ್ನು ಹೀಗೆ ಬಿಟ್ಟು ಬರಲಾರೆ ಎಂದ ರಸ್. ಆಮೇಲೆ ಬರ್ಟಿಯ ಕಡೆ ತಿರುಗಿದ.

"ನೀನೂ ಇರು. ಕಾರು ಎಳೆಯುವಾಗ ಸ್ಟೇರಿಂಗ್ ಹಿಡಿಯೋಕೆ ಒಬ್ಬರು ಬೇಕು."

"ನೀನೇ ಹಿಡಿ," ಎಂದಳು ಬರ್ಟಿ. "ಪಿಕಪ್ ಕೀಲಿ ಕೊಡು."

"ಪಿಕಪ್ಪು ಮನೇಲಿದೆಯಲ್ಲ."

"ಗೊತ್ತು. ನಾಳೆಯಿಂದ ಅದು ನನ್ನದು. ಈ ಕಾರು ನಿನ್ನದು."

ಅವನು ಮ್ಯಾನಿಯ ಮುಖ ನೋಡಿದ, ಅವಳ ಟವೆಲ್ಲು ಸುತ್ತಿದ ಕೈ ನೋಡಿದ. ಅದನ್ನು ಅವನು ಆಗಲೇ ಮೊದಲ ಸಲ ನೋಡಿದಂತಿತ್ತು. ಜೇಬಿನ ಗೊಂಚಲಿನಿಂದ ಕೀಲಿ ಬಿಡಿಸಿ ಕೊಟ್ಟ. ಟ್ರಕ್ಕು ಹೊರಟಾಗ ಅವನು ರಸ್ತೆಯಂಚಿನಲ್ಲಿ ನೀರಿನ ಕ್ಯಾನು ಹಿಡಿದು ನಿಂತಿದ್ದುದು ಕನ್ನಡಿಯಲ್ಲಿ ಕಾಣಿಸಿತು. ಬರ್ಟಿ ಕನ್ನಡಿಯಿಂದ ಕಣ್ಣು ತೆಗೆಯಲು ಎರಡು ಮೈಲಿ ಬೇಕಾಯಿತು.

ಮಧ್ಯಾಹ್ನದ ಕೊನೆಯ ಸುತ್ತಿಗೆ ಅವಳು ಅಟ್ಟ ಹತ್ತಿದಳು. ಚಕ್ರ ತಿರುಗಿಸುವ ಕಡ್ಡಿಯನ್ನು ಸುಟ್ಟ ಕೈಯ ಎರಡು ಬೆರಳಲ್ಲಿ ಹಿಡಿದು ಓಡಿಸಿ, ಎರಡು ಸಲ ಮಗುಚಿ, ಹತ್ತರಲ್ಲಿ ಎಂಟನೆಯವಳಾದಳು. ಹೊಟ್ಟೆ ತುಂಬ ತಮಾಲೆ ತಿಂದಳು. ಮಾತಾಡಿಸಿದವರಿಗೆಲ್ಲ ನಗುತ್ತ ಉತ್ತರಿಸಿದಳು. ನಡುನಡುವೆ ರಸ್ತೆಯ ಕಡೆ ನೋಡುತ್ತಿದ್ದಳು, ಎಳೆಯುವ ಗಾಡಿ ಹೋಯಿತೇ ಎಂದು. ಹೋದದ್ದು ಕಾಣಲಿಲ್ಲ.

ಅವಳು ಮನೆ ಬಿಡಲಿಲ್ಲ. ಜನ ಕೇಳಿದರೆ ಯಾಕೆ ಎಂದು ಹೇಳಲು ಅವಳಿಗೆ ಬರುವುದಿಲ್ಲ. ಆದರೆ ಮರುದಿನದಿಂದ ಪಿಕಪ್ಪಿನಲ್ಲೇ ಕೆಲಸಕ್ಕೆ ಹೋದಳು. ಗುಜರಿಗೆ ಹೋಗಬೇಕಾದರೆ ರಸ್ ಅವಳನ್ನು ಕೇಳಬೇಕಾಯಿತು, ಕೆಲವು ಸಲ ಅವಳು ಇಲ್ಲವೆಂದಳು. ಗ್ಯಾರೇಜಿನಿಂದ "ಬರ್ಟಿ, ಲೈಟ್" ಎಂಬ ಕೂಗು ಬಂದರೆ ಮೊದಮೊದಲು ಕಾಲು ತಾನಾಗಿ ಎದ್ದುಬಿಡುತ್ತಿತ್ತು. ಅದನ್ನು ಕೂರಿಸಲು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಕ್ರಮೇಣ ರಸ್ ಲೈಟಿಗೊಂದು ಕೊಕ್ಕೆ ಮಾಡಿಕೊಂಡ.

ಕಾರು ಮುಗಿಯಲು ಇನ್ನೂ ಹದಿನಾಲ್ಕು ತಿಂಗಳು ಹಿಡಿಯಿತು. ಹಿಂದಿನ ಬ್ರೇಕುಗಳು ಬಂದವು, ಡ್ರೈವರಿನ ಕೈಗೆಟುಕುವಲ್ಲಿ ಕೆಂಪು ಸ್ವಿಚ್ಚು ಬಂತು, ಗಾಜೂ ಎಲ್ಲೋ ಅರಿಜೋನಾದಿಂದ ಬಂತು. ಕಾರು ಚೆನ್ನಾಗಿಯೇ ಓಡಿತು. ಅಕ್ಕಪಕ್ಕದವರು ನೋಡಲು ಬಂದರು. ಒಬ್ಬಿಬ್ಬರು ತಮಗೂ ಒಂದು ಮಾಡಿಕೊಡೆಂದು ಕೇಳಿದರು, ಅವನು ಮಾಡಿಕೊಟ್ಟ.

ಬಾಗಿಲಿಗೆ ಒಳಗಿನಿಂದಲೂ ಹಿಡಿಕೆ ಹಾಕಿದ್ದೇನೆ, ಒಂದು ಸುತ್ತು ಹೋಗಿಬರೋಣ ಬಾ ಎಂದು ಅವನು ಆಗಾಗ ಕರೆಯುತ್ತಾನೆ. ಬರ್ಟಿ ಒಮ್ಮೆ ಅದರ ಬಳಿಯವರೆಗೂ ಹೋದಳು. ಹಿಡಿಕೆಯನ್ನು ನಾಲ್ಕೈದು ಸಲ ಎತ್ತಿ ಬಿಟ್ಟು ನೋಡಿದಳು. ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

"ಇವತ್ತು ಬೇಡ," ಎಂದಳು.

"ಸರಿ," ಎಂದ ರಸ್. ಒಬ್ಬನೇ ಕೂತು, ಸದ್ದಿಲ್ಲದೆ ಹಿಂದಕ್ಕೆ ಸರಿದು, ರಸ್ತೆಗೆ ತಿರುಗಿದ.